ಹಳೆ ಸೈಕಲ್ಲಿಗೆ ಎಷ್ಟು ಕೊಡಬೇಕು?

ಮಾರುವವನು ಸರಕಿನ ದೋಷವನ್ನು ಮುಚ್ಚಿಟ್ಟರೆ ಅದು ಮೋಸ. ಇದನ್ನು ಎಲ್ಲರೂ ಒಪ್ಪುತ್ತೇವೆ. ಕೊಳ್ಳುವವನು ಸರಕಿನ ಗುಣವನ್ನು ಮುಚ್ಚಿಟ್ಟರೆ? ಒಂದು ಹಳೆ ಸೈಕಲ್ ಕೊಳ್ಳಲು ಹೋದಾಗ ಈ ಪ್ರಶ್ನೆ ನಮಗೆ ಎದುರಾಯಿತು.

ನಮ್ಮ ಮನೆಯಿಂದ ತರಕಾರಿ ಮಾರುಕಟ್ಟೆ, ಅಂಚೆ ಕಚೇರಿ, ಮಸೀದಿ ಎಲ್ಲವೂ ಒಂದೂವರೆ ಕಿಲೋಮೀಟರಿನೊಳಗೆ. ಇಷ್ಟಕ್ಕೆ ಸ್ಕೂಟರ್ ಏಕೆ, ಗೇರು ಗೀರು ಇಲ್ಲದ ಸಾದಾ ಸೈಕಲ್ ಒಂದಿರಲಿ ಎಂದು ಗಂಡ ಹೆಂಡತಿ ನಾವಿಬ್ಬರೂ ಮಾತಾಡಿಕೊಂಡೆವು. ಸೈಕಲ್ ಶಾಪಿನ ಚಾಚಾ ಒಂದು ಮನೆಯ ಗುರುತು ಹೇಳಿದರು. ಹಾಲು ಹಾಕುತ್ತಿದ್ದ ಗಂಡ ತೀರಿಕೊಂಡ ಮೇಲೆ ಅಲ್ಲಿನ ಅಜ್ಜಿಯ ಹಿತ್ತಿಲಲ್ಲಿ ಸೈಕಲ್ಲೊಂದು ಸುಮ್ಮನೆ ನಿಂತಿತ್ತು.

ಧೂಳು ಒರೆಸಿದಾಗ ಹ್ಯಾಂಡಲ್ ಕೆಳಗಿನ ಬಿಲ್ಲೆಯಲ್ಲಿ ಕೊಕ್ಕರೆಯ ತಲೆ ಕಂಡಿತು. ರ‍್ಯಾಲಿ ಸೈಕಲ್! 1880ರ ದಶಕದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಶುರುವಾದ ಕಂಪನಿ. ಸ್ವಾತಂತ್ರ್ಯದ ನಂತರ ಬಂಗಾಳದ ಅಸನ್ಸೋಲಿನಲ್ಲೂ ಸೆನ್-ರ‍್ಯಾಲಿ ಹೆಸರಿನಲ್ಲಿ ಸೈಕಲ್ಲುಗಳು ತಯಾರಾಗುತ್ತಿದ್ದವು. 28 ಇಂಚಿನ ಗಾಲಿ, ರಾಡ್ ಬ್ರೇಕು, ಪೈಜಾಮದ ಅಂಚು ಸಿಕ್ಕಿಕೊಳ್ಳದಂತೆ ಚೈನನ್ನು ಪೂರ್ತಿ ಮುಚ್ಚುವ ಕವರು, ಹಾಲಿನ ಕ್ಯಾನಿನ ಭಾರಕ್ಕೆ ಬಗ್ಗಿದ ಕ್ಯಾರಿಯರು. ಚಾಚಾ ಹೇಳಿಕೊಟ್ಟಂತೆ ಪರೀಕ್ಷಿಸಿದೆವು. ಫ್ರೇಮಿನ ಕೂಡುಗಳಲ್ಲಿ ಬಿರುಕಿಲ್ಲ, ಪೆಡಲಿನ ಅಚ್ಚು ಅಲುಗಾಡುವುದಿಲ್ಲ, ರಿಮ್ಮಿನ ತುಕ್ಕು ಮೇಲುಮೇಲಿನದು. ಟೈರು, ಟ್ಯೂಬು, ಬ್ರೇಕಿನ ರಬ್ಬರು ಬದಲಿಸಿದರೆ ಸಾಕು.

“ಗುಜರಿಯವನು ತೂಕಕ್ಕೆ ಹಾಕಿ ನಾನೂರು ಕೊಡ್ತೀನಿ ಅಂದ. ನೀವು ಐನೂರು ಕೊಡಿ ಸಾಬ್ರೇ” ಎಂದರು ಅಜ್ಜಿ.

ಇಂಥ ಸೈಕಲ್ಲುಗಳಿಗೆ ಹೊಳಪು ಕೊಟ್ಟು, ‘ವಿಂಟೇಜ್’ ಎಂದು ಹೆಸರಿಟ್ಟು ಬೆಂಗಳೂರಿನಲ್ಲಿ ಹಲವು ಸಾವಿರಕ್ಕೆ ಮಾರುವವರಿದ್ದಾರೆ. ಅದು ನಮಗೆ ಗೊತ್ತಿತ್ತು, ಅಜ್ಜಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಒಬ್ಬರ ಕೈ ಜೇಬಿಗೆ ಹೋಯಿತು. ಇನ್ನೊಬ್ಬರು ನೋಡಿಯೂ ನೋಡದಂತೆ ನಿಂತರು. ಜೇಬಿನಲ್ಲಿ ಮುನ್ನೂರೇ ಇತ್ತು. ಸಂಜೆ ಬರುತ್ತೇವೆಂದು ಹೇಳಿ ಹೊರಟೆವು.

ದಾರಿಯಲ್ಲಿ ನಮ್ಮೊಳಗೇ ವಾದ ನಡೆಯಿತು. ಬೆಲೆ ಹೇಳಿದ್ದು ಅವರೇ. ನಾವು ಸುಳ್ಳು ಹೇಳಿಲ್ಲ, ಒತ್ತಾಯ ಮಾಡಿಲ್ಲ. ಗುಜರಿಯವನಿಗಿಂತ ನೂರು ಹೆಚ್ಚೇ ಕೊಡುತ್ತಿದ್ದೇವೆ. ವ್ಯಾಪಾರವೆಂದರೆ ಇಬ್ಬರ ಒಪ್ಪಿಗೆ ತಾನೇ? ನಿಜ. ಆದರೆ ತಿಳಿಯದೆ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ? ಊರೂರು ಅಲೆದು ಸರಕು ಹುಡುಕುವವನ ಶ್ರಮಕ್ಕೆ ಲಾಭ ಸಲ್ಲಬೇಕು. ನಾವು ಪಟ್ಟ ಶ್ರಮವಾದರೂ ಯಾವುದು? ಅವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿತ್ತು, ಅಷ್ಟೇ.

ಈ ಪ್ರಶ್ನೆ ಹಳೆಯದು. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಸ್ಕೇವೋಲ ಎಂಬಾತನ ಪ್ರಸಂಗವಿದೆ. ಜಮೀನಿಗೆ ಮಾಲೀಕ ಹೇಳಿದ ಬೆಲೆ ಕಡಿಮೆಯಾಯಿತೆಂದು ಆತ ತಾನಾಗಿಯೇ ಒಂದು ಲಕ್ಷ ನಾಣ್ಯ ಸೇರಿಸಿ ಕೊಟ್ಟ. ಅವನು ಒಳ್ಳೆಯವನೆಂದು ಎಲ್ಲರೂ ಒಪ್ಪಿದರು, ಜಾಣನೆಂದು ಮಾತ್ರ ಒಪ್ಪಲಿಲ್ಲ. ನಮ್ಮ ಪರಂಪರೆಯಲ್ಲಿ ಪ್ರವಾದಿಯವರ ಸಂಗಾತಿ ಜರೀರ್ ಅವರ ಬಗ್ಗೆ ಇಂಥದ್ದೇ ವೃತ್ತಾಂತವಿದೆ. ಅವರಿಗಾಗಿ 300 ದಿರ್ಹಮಿಗೆ ಕುದುರೆಯೊಂದನ್ನು ಗೊತ್ತುಮಾಡಲಾಗಿತ್ತು. “ನಿನ್ನ ಕುದುರೆ ಇದಕ್ಕಿಂತ ಬೆಲೆಬಾಳುತ್ತದೆ” ಎಂದು ಮಾರುವವನಿಗೆ ಹೇಳಿ, ತಾವೇ ಬೆಲೆ ಏರಿಸುತ್ತ ಹೋಗಿ 800 ಕೊಟ್ಟರಂತೆ. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಅವರು ಪ್ರವಾದಿಯವರಿಗೆ ಮಾತು ಕೊಟ್ಟಿದ್ದರು. ಒಳ್ಳೆಯತನ ಬೇರೆ, ಜಾಣತನ ಬೇರೆ ಎಂದು ನಾವು ಎಂದಿನಿಂದ ಕಲಿತೆವೋ!

ಸಂಜೆ ಹೋಗಿ ಅಜ್ಜಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಅಷ್ಟು ದುಡ್ಡು ಕೊಟ್ಟು ಏನ್ಮಾಡ್ತಾರೆ?”

“ಕೆಲವರು ಹೋಟೆಲಿನ ಗೋಡೆಗೆ ನೇತುಹಾಕ್ತಾರೆ ಅಜ್ಜಿ.”

“ನೀವು?”

“ನಾವು ತುಳೀತೀವಿ.”

“ಹಾಗಾದ್ರೆ ತುಳಿಯೋ ಸೈಕಲ್ಲಿನ ರೇಟು ಕೊಡಿ.”

ಚಾಚಾ ರಿಪೇರಿಯ ಖರ್ಚು ಕಳೆದು 2,500 ಎಂದರು. ಕೊಟ್ಟೆವು. ಇದು ದಾನವಲ್ಲ. ದಾನವೆಂದಿದ್ದರೆ ಅಜ್ಜಿ ನಮ್ಮನ್ನು ಅಂಗಳದಿಂದಲೇ ಕಳಿಸುತ್ತಿದ್ದರು.

ಈಗ ಸೈಕಲ್ ದಿನವೂ ಮಾರುಕಟ್ಟೆಗೆ ಹೋಗಿಬರುತ್ತದೆ. ಮಳೆಯಲ್ಲಿ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ, ಇಳಿಜಾರಿನಲ್ಲಿ ಇಳಿದು ತಳ್ಳುತ್ತೇವೆ. ಆಗೆಲ್ಲ ಒಂದು ಮಾತು ನೆನಪಾಗುತ್ತದೆ. ಅಂದು ನಮ್ಮನ್ನು ತಡೆದದ್ದು ನಮ್ಮ ನಿಯ್ಯತ್ತಲ್ಲ, ಖಾಲಿ ಜೇಬು. ಅದರಲ್ಲಿ ಐನೂರು ಇದ್ದಿದ್ದರೆ ಸೈಕಲ್ ಬೆಳಿಗ್ಗೆಯೇ ನಮ್ಮ ಮನೆ ಸೇರುತ್ತಿತ್ತು. ಜೇಬಿನಲ್ಲಿ ದುಡ್ಡಿದ್ದ ದಿನಗಳಲ್ಲಿ ನಾವು ಎಷ್ಟು ವ್ಯಾಪಾರ ಮುಗಿಸಿದ್ದೇವೆ ಎಂಬ ಲೆಕ್ಕ ಇನ್ನೂ ಬಾಕಿಯಿದೆ.