ತಾಳ್ಮೆಯುಳ್ಳ ಪ್ರಾರ್ಥನೆ

ನಾವು ಬೇಡುವದಕ್ಕೆ ಮುಂಚೆಯೇ ನಮ್ಮ ಅಗತ್ಯವು ತಂದೆಗೆ ತಿಳಿದಿರುತ್ತದೆಂದು ನಮ್ಮ ಕರ್ತನು ಬೆಟ್ಟದ ಮೇಲೆ ಬೋಧಿಸಿದನು. ಪ್ರಾರ್ಥನೆಯಲ್ಲಿ ಮಾತುಗಳನ್ನು ಬೆಳೆಸಬೇಡಿರೆಂದೂ ಅಲ್ಲಿಯೇ ಕಲಿಸಿದನು. ಆದರೆ ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಅದೇ ಕರ್ತನು, ನ್ಯಾಯಾಧಿಪತಿಯ ಬಳಿಗೆ ಬಿಡದೆ ಬಂದು ಅವನನ್ನು ಕಾಡಿದ ವಿಧವೆಯ ಸಾಮ್ಯವನ್ನು ಹೇಳಿ, ಬೇಸರಗೊಳ್ಳದೆ ಪ್ರಾರ್ಥಿಸಬೇಕೆನ್ನುತ್ತಾನೆ. ಹಾಗಾದರೆ ಒಂದೇ ಬೇಡಿಕೆಯನ್ನು ದಿನಾಲೂ ದೇವರ ಮುಂದೆ ಇಡುವದು ನಂಬಿಕೆಯೋ, ಅಪನಂಬಿಕೆಯೋ? ಇದು ಪಂಡಿತರ ಪ್ರಶ್ನೆ ಮಾತ್ರವಲ್ಲ. ಮಗುವಿನ ಜ್ವರ ಇಳಿಯದೆ ರಾತ್ರಿಯೆಲ್ಲಾ ಎಚ್ಚರವಾಗಿರುವ ತಾಯಿಯ ಪ್ರಶ್ನೆಯೂ ಆಗಿದೆ.

ಕರ್ತನು ನಿಷೇಧಿಸಿದ್ದು ಮಾತಿನ ಬಲದಿಂದ ದೇವರನ್ನು ಮಣಿಸಬಹುದೆಂಬ ಎಣಿಕೆಯನ್ನೇ ಹೊರತು, ಪುನಃ ಬೇಡುವದನ್ನಲ್ಲ. ಇಷ್ಟು ಕೊಟ್ಟರೆ ಇಷ್ಟು ಮಾಡುವೆನೆಂಬ ಹರಕೆಯ ಬುದ್ಧಿ ನಮ್ಮ ಸಭೆಗಳನ್ನು ಇನ್ನೂ ಪೂರಾ ಬಿಟ್ಟುಹೋಗಿಲ್ಲ. ಇಷ್ಟು ದಿನ ಉಪವಾಸವಿದ್ದೆನು, ದೇವರು ಇನ್ನೂ ಕೊಡಲಿಲ್ಲವೆಂದು ಲೆಕ್ಕವಿಡುವವರುಂಟು. ಈ ಲೆಕ್ಕವು ಸಂತೆಗೆ ಸರಿ. ತಂದೆಮಕ್ಕಳ ನಡುವೆ ತಕ್ಕದ್ದಲ್ಲ. ಹನ್ನಳು ಹರಕೆಮಾಡಲಿಲ್ಲವೋ ಎಂದು ಯಾರಾದರೂ ಕೇಳಬಹುದು. ಮಾಡಿದಳು, ಆದರೆ ಅವಳು ಒಪ್ಪಿಸುವೆನೆಂದದ್ದು ತಾನು ಬೇಡಿದ ಮಗನನ್ನೇ. ಇದಲ್ಲದೆ ಅವಳ ಮುಖದ ದುಃಖವು ಹೋದದ್ದು ಸಮುವೇಲನು ಹುಟ್ಟಿದ ಮೇಲಲ್ಲ. ಶೀಲೋವಿನಲ್ಲಿ ತನ್ನ ಹೃದಯವನ್ನು ಹೊಯ್ದುಬಿಟ್ಟ ಆ ದಿನವೇ.

ಮುಂಗಾರಿನ ಕಾಲದಲ್ಲಿ ಹರಿಹರದ ಸೇತುವೆಯ ಮೇಲೆ ನಿಂತು ನೋಡಿರಿ. ತಲೆಯ ಮೇಲೆ ಒಂದು ಹನಿ ಬೀಳದೆ ಇರುವಾಗಲೂ ತುಂಗಭದ್ರೆಯು ಕೆಂಪಾಗಿ ಏರುತ್ತಾ ಬರುವದುಂಟು. ಆ ನೀರು ದೂರದ ಗಂಗಾಮೂಲದ ಸೀಮೆಯಲ್ಲಿ ಮೊದಲೇ ಸುರಿದು, ತುಂಗೆ ಭದ್ರೆಗಳಾಗಿ ಇಳಿದು, ಕೂಡಲಿಯಲ್ಲಿ ಒಂದಾಗಿ ಬಂದದ್ದು. ನಮ್ಮ ಆಕಾಶವು ಬರಿದಾಗಿದೆ ಎಂಬ ಮಾತ್ರಕ್ಕೆ ಎಲ್ಲಿಯೂ ಮಳೆಯಿಲ್ಲವೆಂದು ಹೇಳಲಾದೀತೇ?

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ಬರುವ ಕಾಲುವೆಯ ಕೊನೆಯ ಭಾಗದ ರೈತನಿಗೆ ತಾಳ್ಮೆಯ ವಿಷಯದಲ್ಲಿ ನಮಗಿಂತ ಹೆಚ್ಚು ತಿಳಿದದೆ. ತೂಬು ಎತ್ತಿದ ದಿನವೇ ಅವನ ಗದ್ದೆಗೆ ನೀರು ಮುಟ್ಟುವದಿಲ್ಲ. ಆದರೂ ಅವನು ಸುಮ್ಮನೆ ಕುಳಿತುಕೊಳ್ಳುವದಿಲ್ಲ. ಹೂಳು ತೆಗೆಯುತ್ತಾನೆ, ಬದು ಸರಿಮಾಡುತ್ತಾನೆ, ಸಸಿಮಡಿಯನ್ನು ಕಾಯುತ್ತಾನೆ. ಯಾಕೋಬನು ತನ್ನ ಪತ್ರಿಕೆಯಲ್ಲಿ ಮುಂಗಾರು ಹಿಂಗಾರುಗಳಿಗಾಗಿ ಕಾಯುವ ವ್ಯವಸಾಯಗಾರನನ್ನು ತೋರಿಸಿದ್ದು ಇಂಥ ಕಾಯುವಿಕೆಯನ್ನೇ ಮನಸ್ಸಿನಲ್ಲಿಟ್ಟು ಎಂದು ನನಗೆ ತೋರುತ್ತದೆ. ಮೇಲಿನವರು ಸರದಿ ತಪ್ಪಿಸಿ ನೀರೆತ್ತಿದರೆ ಅವನು ಕಚೇರಿಗೆ ಹೋಗಿ ಕೇಳುತ್ತಾನೆ. 2023ರ ಬರದಲ್ಲಿ ದಾವಣಗೆರೆ ಸೀಮೆಯ ರೈತರು ಭದ್ರೆಯ ನೀರಿಗಾಗಿ ಬೀದಿಗೂ ಇಳಿದರು. ಅದನ್ನು ತಾಳ್ಮೆಗೇಡಿತನವೆಂದು ನಾನು ಹೇಳಲಾರೆನು. ಸಾಮ್ಯದ ವಿಧವೆಯೂ ಮನೆಯಲ್ಲಿ ಕುಳಿತು ಅತ್ತವಳಲ್ಲ, ನ್ಯಾಯಸ್ಥಾನಕ್ಕೆ ನಡೆದವಳು. ಅನ್ಯಾಯವನ್ನು ಸಹಿಸುವದೇ ತಾಳ್ಮೆ ಎಂದು ಬಡವರಿಗೆ ಉಪದೇಶಿಸುವವರು ಈ ಅಧ್ಯಾಯವನ್ನು ಮತ್ತೊಮ್ಮೆ ಓದಲಿ.

ಆದರೆ ನೀರು ಬಾರದೆ ಪೈರು ಒಣಗುವ ವರ್ಷವೂ ಉಂಟು. ಪ್ರಾರ್ಥಿಸಿದ ಮಗು ಸಾಯುವದೂ ಉಂಟು. ಆಗ ಕೆಲವರು ದುಃಖದ ಮನೆಗೆ ಬಂದು, ನಿಮ್ಮ ನಂಬಿಕೆ ಸಾಲದೆ ಹೋಯಿತು ಅನ್ನುತ್ತಾರೆ. ಇದು ಯೋಬನ ಸ್ನೇಹಿತರ ಮಾತು, ಅವರನ್ನು ದೇವರೇ ಗದರಿಸಿದನು. ಅಪೊಸ್ತಲನಾದ ಪೌಲನು ತನ್ನ ಶರೀರದ ಮುಳ್ಳಿಗಾಗಿ ಮೂರು ಸಾರಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ಕೃಪೆ ದೊರಕಿತು. ಅವನ ನಂಬಿಕೆ ಸಾಲದಾಗಿತ್ತೇ? ಕರ್ತನು ತಾನೇ ಗೆತ್ಸೇಮನೆಯಲ್ಲಿ ಮೂರನೆಯ ಸಾರಿಯೂ ಅದೇ ಮಾತುಗಳಿಂದ ಪ್ರಾರ್ಥಿಸಿದನು. ಪಾತ್ರೆಯು ತೊಲಗಲಿಲ್ಲ. ಆದರೆ ಆತನು ಎದ್ದು, ನಿದ್ರಿಸುತ್ತಿದ್ದ ಶಿಷ್ಯರನ್ನು ಎಬ್ಬಿಸಿ, ತನ್ನನ್ನು ಹಿಡಿಯಬಂದವರಿಗೆ ಎದುರಾಗಿ ಹೋದನು. ಮಗುವನ್ನು ಕಳೆದುಕೊಂಡ ಆ ತಾಯಿಗೆ ಇದಕ್ಕಿಂತ ಸುಲಭವಾದ ಉತ್ತರವನ್ನು ಕೊಡಲು ನನಗೆ ಧೈರ್ಯವಿಲ್ಲ.

ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ರೋಗಿಯ ಹೆಸರನ್ನು ಸರಳವಾಗಿ ಹೇಳಿರಿ. ಸ್ವಲ್ಪ ಹೊತ್ತು ಮೌನವಾಗಿರಿರಿ. ಬಳಿಕ ಎದ್ದು ಔಷಧವನ್ನು ಕೊಡಿರಿ, ಆಸ್ಪತ್ರೆಗೆ ಹೋಗಬೇಕಾದರೆ ತಡಮಾಡದೆ ಹೋಗಿರಿ. ಸಭೆಯಲ್ಲಿ ಬೇಡಿಕೆಗಳನ್ನು ಬರೆದಿಡುವ ಪುಸ್ತಕವಿದ್ದರೆ, ವರುಷವಾಯಿತು, ಫಲವಿಲ್ಲವೆಂದು ಯಾರ ಹೆಸರನ್ನೂ ಅದರಿಂದ ಹೊಡೆದುಹಾಕಬೇಡಿರಿ.