ರಜೆಗೆ ಯಾವ ಊರು? ಯಾತ್ರೆಯ ಆಯ್ಕೆ ಮತ್ತು ಅದರ ಧರ್ಮ

ರಜೆಯಲ್ಲಿ ಯಾವ ಊರಿಗೆ ಹೋಗಬೇಕೆಂಬುದು ಮೇಲ್ನೋಟಕ್ಕೆ ಖರ್ಚು, ಅನುಕೂಲ ಮತ್ತು ಅಭಿರುಚಿಯ ಪ್ರಶ್ನೆ. ಮಹಾರಾಷ್ಟ್ರದ ಗಡಿಗೆ ಹೊಂದಿದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಅದು ದೇವರ ಪ್ರಶ್ನೆಯೂ ಹೌದು. ಕಬ್ಬು ಕಾರ್ಖಾನೆಗೆ ಹೋಗಿ ಮುಗಿದು ಮಕ್ಕಳ ಪರೀಕ್ಷೆಯೂ ಮುಗಿದ ಮೇಲೆ ಇಲ್ಲಿನ ಮನೆಗಳಲ್ಲಿ ಕೊಲ್ಹಾಪುರ, ಪಂಢರಪುರ, ಸವದತ್ತಿ, ಶ್ರೀಶೈಲಗಳ ಮಾತು ಬರುತ್ತದೆ. ಅದರ ಜತೆಗೇ ಗೋವಾ, ಮಹಾಬಳೇಶ್ವರದ ಮಾತೂ ಬರುತ್ತದೆ. ಒಂದೇ ಜೀಪಿನಲ್ಲಿ ದೇವರೂ ಆಗಬೇಕು, ಸಮುದ್ರವೂ ಆಗಬೇಕು. ಇಲ್ಲಿ ತತ್ತ್ವದ ಪ್ರಶ್ನೆಯೊಂದಿದೆ: ಒಂದು ಸ್ಥಳಕ್ಕೆ ಪಾವಿತ್ರ್ಯ ತನ್ನಿಂದ ತಾನೇ ಇರುತ್ತದೆಯೆ, ಹೋಗುವವರ ಮನಸ್ಸಿನಿಂದ ಬರುತ್ತದೆಯೆ? ಇದಕ್ಕೆ ಕೊಡುವ ಉತ್ತರವೇ ಯಾವ ಊರನ್ನು ಆರಿಸಬೇಕೆಂಬುದನ್ನೂ ಹೇಳಬೇಕು.

ಈ ಸೀಮೆಯಲ್ಲಿ ಎಲ್ಲ ಪ್ರಯಾಣಗಳೂ ಆಯ್ಕೆಯಿಂದ ಹುಟ್ಟುವುದಿಲ್ಲ. ಪ್ರತಿಯೊಂದು ಮನೆತನ ಯಾವುದಾದರೂ ಒಂದು ದೇವರಿಗೆ ನಡೆದುಕೊಳ್ಳುತ್ತದೆ. ಕೆಲವರಿಗೆ ಚಿಂಚಲಿಯ ಮಾಯಕ್ಕ, ಕೆಲವರಿಗೆ ಯಡೂರಿನ ವೀರಭದ್ರ, ಕೆಲವರಿಗೆ ಮಂಗಸೂಳಿಯ ಮಲ್ಲಯ್ಯ, ಮತ್ತೆ ಕೆಲವರಿಗೆ ಗಡಿಯಾಚೆಯ ಜ್ಯೋತಿಬಾ. ಮದುವೆಯಾದ ಹೊಸ ಜೋಡಿ ಮೊದಲು ಹೋಗುವುದು ಅಲ್ಲಿಗೆ. ಯಾವ ದೇವರೆಂದು ಯಾರೂ ಕುಳಿತು ತೀರ್ಮಾನಿಸಿದ್ದಲ್ಲ, ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ಎರಡನೆಯದು ಹರಕೆ: ಮಗುವಿನ ಜ್ವರ, ಬಾವಿಯ ನೀರು, ಕೋರ್ಟಿನ ವ್ಯಾಜ್ಯ, ಇಂಥ ಸಂಕಟದಲ್ಲಿ ನುಡಿದ ಮಾತನ್ನು ತೀರಿಸಲು ಹೋಗುವುದು. ಇಲ್ಲಿ ಆಯ್ಕೆ ಒಮ್ಮೆ ನಡೆದಿರುತ್ತದೆ, ಆಮೇಲೆ ಅದು ಸಾಲದಂತೆ ಕಟ್ಟಿಹಾಕುತ್ತದೆ. ಮೂರನೆಯದು ಮಾತ್ರ ಬಿಡುವಿನ ಪ್ರಯಾಣ, ಮನಸ್ಸಿಗೆ ಬಂದ ಊರಿಗೆ ಹೋಗುವುದು. ಈಗ ಬೆಳೆಯುತ್ತಿರುವುದು ಇದು.

ಆರಿಸದೆ ಬಂದ ಯಾತ್ರೆ ಹೇಗಿರುತ್ತದೆಂಬುದನ್ನು ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿಯಲ್ಲಿ ನೋಡಬಹುದು. ಕೊಲ್ಹಾಪುರ, ಸಾಂಗಲಿ, ಸಾತಾರ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ ಬರುತ್ತವೆ. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಚಕ್ಕಡಿಯೊಳಗೆ ಹಾಸಿಗೆ, ಒಲೆ, ಹಿಟ್ಟಿನ ಡಬ್ಬಿ. ಗದ್ದೆಬಯಲಲ್ಲಿ ಎತ್ತುಗಳ ಕೊಳ್ಳ ಹರಿದು ಅಲ್ಲೇ ಅಡುಗೆ ಮಾಡಿ ನೈವೇದ್ಯ ಹಿಡಿಯುತ್ತಾರೆ. ಭಂಡಾರ ತೂರಿ ತೂರಿ ನೆಲ, ಬಟ್ಟೆ, ಎತ್ತಿನ ಬೆನ್ನು ಎಲ್ಲ ಅರಿಸಿನವಾಗುತ್ತದೆ. ಮರಾಠಿಯವರೂ ಕನ್ನಡದವರೂ ಒಂದೇ ಚಾಂಗಭಲೋ ಕೂಗುತ್ತಾರೆ. ಈ ಜನ ಬರುವುದು ಚಿಂಚಲಿ ಚೆಂದದ ಊರೆಂದಲ್ಲ, ಕಳೆದ ವರ್ಷವೂ ಬಂದಿದ್ದರು, ಮುಂದಿನ ವರ್ಷವೂ ಬರಬೇಕು ಎಂದು. ಆಯ್ಕೆಯ ಸ್ವಾತಂತ್ರ್ಯವಿಲ್ಲದ್ದನ್ನು ಬಂಧನ ಎನ್ನುವುದು ಸುಲಭ. ತಾಯಿ ತಂದೆಯನ್ನೂ ಯಾರೂ ಆರಿಸಿಕೊಳ್ಳುವುದಿಲ್ಲ, ಆದರೂ ಆ ನಂಟು ಬಂಧನವೆಂದು ಯಾರಿಗೂ ಅನ್ನಿಸುವುದಿಲ್ಲ.

ಶಾಸ್ತ್ರ ಏನು ಹೇಳುತ್ತದೆ? ಮಹಾಭಾರತದ ವನಪರ್ವದಲ್ಲಿ ತೀರ್ಥಯಾತ್ರೆಯ ದೀರ್ಘ ಪ್ರಕರಣವಿದೆ. ಯಜ್ಞಕ್ಕೆ ಹಣ, ಸಲಕರಣೆ, ಜನ ಎಲ್ಲ ಬೇಕು. ಬಡವನ ಕೈಗೆ ಎಟುಕದ ಆ ಫಲ ತೀರ್ಥಕ್ಕೆ ಹೋಗುವುದರಿಂದ ಸಿಗುತ್ತದೆ ಎಂಬುದು ಅಲ್ಲಿನ ಒಂದು ಮಾತು. ಯಾತ್ರೆ ಮೂಲತಃ ಬಡವರ ಧರ್ಮವಾಗಿ ಬಂದದ್ದೆಂಬುದನ್ನು ಇಂದಿನ ಹವಾನಿಯಂತ್ರಿತ ಬಸ್ಸಿನ ಯಾತ್ರಿಕರು ನೆನಪಿಡಬೇಕು. ಅದೇ ಪ್ರಕರಣ ಒಂದು ಷರತ್ತನ್ನೂ ಹಾಕುತ್ತದೆ: ಕೈ, ಕಾಲು, ಮನಸ್ಸು ಹಿಡಿತದಲ್ಲಿ ಇದ್ದವನಿಗೇ ಫಲ. ಅನುಶಾಸನಪರ್ವದಲ್ಲಿ ಭೀಷ್ಮ ಇನ್ನೂ ಮುಂದೆ ಹೋಗಿ, ಸತ್ಯ, ಅಹಿಂಸೆ, ಇಂದ್ರಿಯನಿಗ್ರಹಗಳೇ ಮನಸ್ಸಿನೊಳಗಿನ ತೀರ್ಥ ಎನ್ನುತ್ತಾನೆ. ಆದರೂ ಭೂಮಿಯ ಮೇಲಿನ ತೀರ್ಥಗಳನ್ನು ಅವನು ತಳ್ಳಿಹಾಕುವುದಿಲ್ಲ, ಎರಡನ್ನೂ ಉಳಿಸಿಕೊಳ್ಳುತ್ತಾನೆ.

ತಳ್ಳಿಹಾಕುವ ಧೈರ್ಯ ಮಾಡಿದವರು ಹನ್ನೆರಡನೆಯ ಶತಮಾನದ ಶರಣರು. ಇಷ್ಟಲಿಂಗ ಅಂಗದ ಮೇಲೇ ಇರುವಾಗ ಹುಡುಕಿಕೊಂಡು ಹೋಗಬೇಕಾದ ಊರು ಯಾವುದು ಎಂಬ ಪ್ರಶ್ನೆಗೆ ಎದುರಾಡುವುದು ಕಷ್ಟ. ನದಿಯಲ್ಲಿ ಮುಳುಗಿ ಎದ್ದರೆ ಒಳಗಿನ ಕೊಳೆ ಹೋಗದು, ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲ ಎಂಬುದು ಅವರ ನಿಲುವು. ಆ ನಿಲುವನ್ನು ಒಪ್ಪಿದವರ ಮೊಮ್ಮಕ್ಕಳು ಇಂದು ರಜೆಯಲ್ಲಿ ಹೋಗುವುದು ಬಸವಣ್ಣ ಐಕ್ಯನಾದ ಕೂಡಲಸಂಗಮಕ್ಕೆ, ಅವನು ಬಾಳಿದ ಬಸವಕಲ್ಯಾಣಕ್ಕೆ. ಅಥಣಿಯ ಗಚ್ಚಿನಮಠದಲ್ಲಿಯೂ ಇದೇ ಆಗಿದೆ. 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳು ಹೆಸರಾದದ್ದು ಶಿವಪೂಜೆಯ ನಿಷ್ಠೆಗೆ. ಈಗ ದೂರದ ಊರಿನವರೂ ಅವರ ಗದ್ದುಗೆಗೆ ಬರುತ್ತಾರೆ.

ಇದೇ ತಿರುವು ಜರ್ಮನಿಯಲ್ಲೂ ಆಗಿದೆ. ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ 1517ರಲ್ಲಿ ವಿಟೆನ್‌ಬರ್ಗ್‌ನಿಂದ ಚರ್ಚಿನ ರೂಢಿಗಳ ಮೇಲೆ ತನ್ನ ಆಕ್ಷೇಪಗಳನ್ನು ಎತ್ತಿದ. 1520ರಲ್ಲಿ ಜರ್ಮನ್ ಸರದಾರರಿಗೆ ಬರೆದ ಹೊತ್ತಿಗೆಯಲ್ಲಿ ಜನ ಮುಗಿಬೀಳುವ ಹೊರಬಯಲ ಗುಡಿಗಳನ್ನು ನೆಲಸಮ ಮಾಡಬೇಕೆಂದ. ಹೆಂಡತಿ ಮಕ್ಕಳನ್ನು ಮನೆಯಲ್ಲಿ ಕಷ್ಟಕ್ಕೆ ಬಿಟ್ಟು ರೋಮಿಗೆ ಹೋಗಿ ಹಣ ಸುರಿಯುವವನನ್ನು ಅಲ್ಲಿ ಕಟುವಾಗಿ ಟೀಕಿಸಿದ. ಇಂದು ವಿಟೆನ್‌ಬರ್ಗ್‌ನ ಅಧಿಕೃತ ಹೆಸರಿನಲ್ಲೇ ಲೂಥರ್ ಸೇರಿದ್ದಾನೆ. ಅಲ್ಲಿನ ಸ್ಮಾರಕಗಳು 1996ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಲೋಕದ ನಾನಾ ಕಡೆಯ ಪ್ರೊಟೆಸ್ಟೆಂಟರು ನೋಡಲು ಬರುತ್ತಾರೆ. ಕಲೋನ್ ನಗರಕ್ಕೆ ಹೋಗುವ ಪ್ರವಾಸಿ ಬೆರಗಾಗಿ ನಿಲ್ಲುವ ಆ ದೊಡ್ಡ ಇಗರ್ಜಿ 1248ರಲ್ಲಿ ಆರಂಭವಾದದ್ದೂ 1164ರಲ್ಲಿ ಅಲ್ಲಿಗೆ ಬಂದ, ಬೈಬಲ್ಲಿನ ಮೂವರು ಜ್ಞಾನಿಗಳದೆನ್ನುವ ಅಸ್ಥಿಗಳಿಗೆ ತಕ್ಕ ಮನೆ ಬೇಕೆಂದು. ಪ್ರವಾಸಿಯ ನಕ್ಷೆಯ ಕೆಳಗೆ ಯಾತ್ರಿಕನ ನಕ್ಷೆ ಇದ್ದೇ ಇರುತ್ತದೆ.

ಹಾಗಾದರೆ ಶರಣರು ಸೋತರೆ? ಹಾಗೆನ್ನುವುದು ಸರಿಯಲ್ಲ. ಕಲ್ಲಿಗೆ ಶಕ್ತಿ ಇದೆ ಎಂದು ಹೋಗುವುದು ಬೇರೆ, ಒಂದು ಬಾಳು ನಡೆದ ನೆಲವನ್ನು ನೋಡಬೇಕೆಂದು ಹೋಗುವುದು ಬೇರೆ. ಎರಡನೆಯದರಲ್ಲಿ ಸ್ಥಳ ಸಾಕ್ಷಿಯಾಗಿ ನಿಲ್ಲುತ್ತದೆ. ಗದ್ದುಗೆಗೆ ಹಣೆ ಹಚ್ಚಿ ಕಾಯಿ ಒಡೆದು ಹೊರಬಿದ್ದವನಿಗಿಂತ, ಅಲ್ಲಿ ಕುಳಿತು ಆ ಶಿವಯೋಗಿಗಳ ದಿನಚರಿ ಎಂಥದಿತ್ತೆಂದು ಕೇಳಿಕೊಂಡು ಬಂದವನು ಅಥಣಿಯನ್ನು ಹೆಚ್ಚು ನೋಡಿದ್ದಾನೆ. ಜರ್ಮನಿಯಲ್ಲಿ ದುಡಿಯುವ ಮಗನ ಮನೆಗೆ ಹೋದ ಕನ್ನಡದ ತಂದೆತಾಯಿಗಳಿಗೂ ಇದು ಸಲ್ಲುತ್ತದೆ. ಮ್ಯೂನಿಕ್, ಬರ್ಲಿನ್ ನೋಡಲಿ, ಆದರೆ ಟ್ಯೂಬಿಂಗನ್‌ಗೂ ಹೋಗಲಿ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಫರ್ಡಿನಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಕನ್ನಡಿಗರಿಗೆ ಆ ಚಿಕ್ಕ ಊರಿನೊಂದಿಗೆ ಇರುವ ನಂಟು ದೊಡ್ಡ ನಗರಗಳೊಂದಿಗೆ ಇಲ್ಲ.

ಜೈನರ ವಿಚಾರ ಈ ಪ್ರಶ್ನೆಗೆ ಇನ್ನೊಂದು ದಿಕ್ಕು ತೋರಿಸುತ್ತದೆ. ಅವರಲ್ಲಿ ತೀರ್ಥವೆಂದರೆ ದಾಟಿಸುವುದು. ಹಾಗೆ ದಾಟಿದವರ ನೆಲವಾದ್ದರಿಂದ, ಇಪ್ಪತ್ತನಾಲ್ವರಲ್ಲಿ ಇಪ್ಪತ್ತು ತೀರ್ಥಂಕರರು ಮುಕ್ತರಾದ ಸಮ್ಮೇದ ಶಿಖರ್ಜಿಗೆ ಅಷ್ಟು ಮಹಿಮೆ. ನಿಪ್ಪಾಣಿಯ ಬಳಿ ಹೆದ್ದಾರಿಯ ಘಾಟಿನಲ್ಲಿರುವ ಸ್ತವನಿಧಿಯಲ್ಲಿ ಪಾರ್ಶ್ವನಾಥನ ಜತೆಗೆ ಕ್ಷೇತ್ರಪಾಲ ಬ್ರಹ್ಮನಾಥನೂ ಇದ್ದಾನೆ. ತೀರ್ಥಂಕರ ಬೇಡಿದ್ದನ್ನು ಕೊಡುವವನಲ್ಲ, ಆದರೂ ಜನಕ್ಕೆ ಬೇಡಿಕೊಳ್ಳಲು ಒಬ್ಬರು ಬೇಕು. ಒಂದೇ ಆವರಣದಲ್ಲಿ ಎರಡಕ್ಕೂ ಜಾಗವಿದೆ.

ಈ ಸೀಮೆಯ ಜೈನ ಹಳ್ಳಿಗಳು ಲೋಕಕ್ಕೆ ಕೊಟ್ಟದ್ದು ನಡೆಯುವ ತೀರ್ಥಗಳನ್ನು, ಎಂದರೆ ಮುನಿಗಳನ್ನು. ಭೋಜದ ಆಚಾರ್ಯ ಶಾಂತಿಸಾಗರರು ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಧರ್ಮವನ್ನು ಎತ್ತಿ ನಿಲ್ಲಿಸಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಶೇಡಬಾಳದಲ್ಲಿ 1925ರಲ್ಲಿ ಆಚಾರ್ಯ ವಿದ್ಯಾನಂದರು, ಸದಲಗಾದಲ್ಲಿ 1946ರಲ್ಲಿ ಆಚಾರ್ಯ ವಿದ್ಯಾಸಾಗರರು ಹುಟ್ಟಿದರು. ವಿದ್ಯಾಸಾಗರರು 1968ರಲ್ಲಿ ಅಜ್ಮೇರಿನಲ್ಲಿ ಮುನಿದೀಕ್ಷೆ ಪಡೆದು, 2024ರ ಫೆಬ್ರುವರಿಯಲ್ಲಿ ಛತ್ತೀಸಗಢದ ಡೊಂಗರಗಢದಲ್ಲಿ ಸಲ್ಲೇಖನದಿಂದ ತೀರಿಕೊಂಡರು. ಮುನಿಗಳು ವಾಹನ ಹತ್ತುವುದಿಲ್ಲ. ಮಳೆಗಾಲದಲ್ಲಿ ನೆಲದ ಹುಳುಹುಪ್ಪಟೆಗೆ ನೋವಾಗದಿರಲೆಂದು ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುತ್ತಾರೆ. ಪ್ರಯಾಣವೆಂದರೆ ದಾರಿಯಲ್ಲಿರುವ ಸಣ್ಣ ಜೀವದ ಲೆಕ್ಕವನ್ನೂ ಇಡುವುದು ಎಂಬ ಈ ಎಚ್ಚರ ಪ್ರವಾಸದ ಬಗೆಗಿನ ಬೇರೆ ಯಾವ ವಿಚಾರದಲ್ಲೂ ಇಷ್ಟು ಗಟ್ಟಿಯಾಗಿ ಕಾಣುವುದಿಲ್ಲ.

ಸ್ಥಳ ಮತ್ತು ಮನಸ್ಸಿನ ಪ್ರಶ್ನೆಗೆ ಕೃಷ್ಣೆಯ ದಂಡೆಯಲ್ಲೇ ಒಂದು ಉತ್ತರ ಸಿಗುತ್ತದೆ. ಗಡಿಯಾಚೆ ಮಹಾರಾಷ್ಟ್ರದ ಶಿರೋಳ ತಾಲೂಕಿನಲ್ಲಿ ಖಿದ್ರಾಪುರದ ಕೋಪೇಶ್ವರ ಗುಡಿ ಇದೆ. ಶಿಲಾಹಾರರ ಕಾಲದ್ದು, ಅಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಹಳಗನ್ನಡದವು. ತಳದಲ್ಲಿ ಆನೆಗಳ ಸಾಲು ಇಡೀ ಗುಡಿಯನ್ನು ಬೆನ್ನಮೇಲೆ ಹೊತ್ತು ನಿಂತಿದೆ. ಮುಂದಿನ ಸ್ವರ್ಗಮಂಟಪದ ಮಾಳಿಗೆ ನಡುವೆ ದುಂಡಗೆ ತೆರೆದಿದೆ. ಅದರ ನೇರ ಕೆಳಗೆ ಅಷ್ಟೇ ದುಂಡನೆಯ ಕಲ್ಲುಹಾಸು. ಬಿಸಿಲು ಸುತ್ತಲಿನ ಕಂಬಗಳ ಮೇಲೆ ಗಳಿಗೆಗೊಮ್ಮೆ ಜಾಗ ಬದಲಿಸುತ್ತದೆ. ಗರ್ಭಗುಡಿಯಲ್ಲಿ ಶಿವ, ಜತೆಗೆ ಲಿಂಗರೂಪದ ವಿಷ್ಣು. ಆದರೆ ಎದುರಿಗೆ ನಂದಿ ಇಲ್ಲ. ಸ್ಥಳಪುರಾಣದ ಪ್ರಕಾರ ದಕ್ಷಯಜ್ಞಕ್ಕೆ ಸತಿಯನ್ನು ಕರೆದೊಯ್ದ ನಂದಿ ತಿರುಗಿ ಬರಲಿಲ್ಲ. ಆ ನಂದಿ ಇರುವುದು ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ, ದಕ್ಷಯಜ್ಞವನ್ನು ಧ್ವಂಸ ಮಾಡಿದ ವೀರಭದ್ರನ ಊರಿನಲ್ಲಿ. ಒಂದು ಊರಿನ ಕೊರತೆ ಇನ್ನೊಂದು ಊರಿನಲ್ಲಿ ತುಂಬಿದೆ. ಖಿದ್ರಾಪುರವನ್ನು ಶಿಲ್ಪಕ್ಕಾಗಿ ಮಾತ್ರ ನೋಡಿ ಫೋಟೊ ತೆಗೆದು ಹೋದವರಿಗೆ ಅದು ಒಡೆದ ಆನೆಗಳ ಗುಡಿ. ಯಡೂರಿನಿಂದ ಬಂದವರಿಗೆ ಅರ್ಧ ಹೇಳಿ ನಿಲ್ಲಿಸಿದ ಕಥೆ. ಕಲ್ಲು ಎರಡು ಸಲವೂ ಅದೇ. ಸ್ಥಳದ ಮಹಿಮೆ ಕಲ್ಲಿನಲ್ಲೂ ಇಲ್ಲ, ನೋಡುವವನ ಮನಸ್ಸಿನಲ್ಲಿ ಮಾತ್ರವೂ ಇಲ್ಲ. ಅವೆರಡರ ನಡುವೆ ಬಹಳ ಜನ ಬಹಳ ಕಾಲ ನಡೆದು ಉಳಿಸಿದ ನಂಟಿನಲ್ಲಿದೆ.

ಈ ನಂಟಿಗೆ ನದಿಯ ಒಪ್ಪಿಗೆಯೂ ಬೇಕಾಗುವುದುಂಟು. ಕೃಷ್ಣೆ, ಪಂಚಗಂಗೆ ಕೂಡುವ ನರಸೋಬಾವಾಡಿಯಲ್ಲಿ ಮಹಾಪೂರ ಬಂದಾಗ ನೀರು ದತ್ತನ ಪಾದುಕೆಗಳ ಮೇಲೆ ಹರಿದು ತೆಂಕಣ ಬಾಗಿಲಿನಿಂದ ಹೊರಬೀಳುತ್ತದೆ. ಆ ದಕ್ಷಿಣದ್ವಾರದ ನೀರಿನಲ್ಲಿ ಮೀಯಬೇಕೆಂದು ಜನ ಕಾಯುತ್ತಾರೆ. ಅದಕ್ಕೆ ಮುಂಗಡ ಕಾಯ್ದಿರಿಸಲು ಬರುವುದಿಲ್ಲ.

ನಂಟು ಹಳೆಯದೆಂಬ ಕಾರಣಕ್ಕೇ ಅದು ಒಳ್ಳೆಯದಾಗುವುದಿಲ್ಲ. ಅಥಣಿ ತಾಲೂಕಿನ ಕೊಕಟನೂರಿನ ಯಲ್ಲಮ್ಮನ ಜಾತ್ರೆ, ಸವದತ್ತಿಯ ಗುಡ್ಡ, ಇವು ಲಕ್ಷಾಂತರ ಹೆಣ್ಣುಮಕ್ಕಳ ನಂಬಿಕೆಯ ಜಾಗಗಳು. ಅದೇ ಯಲ್ಲಮ್ಮನ ಹೆಸರಿನಲ್ಲಿ ಬಡವರ, ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಅವರ ಬಾಳನ್ನು ಕಸಿದದ್ದೂ ಈ ನೆಲದಲ್ಲೇ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು ಈ ಅನ್ಯಾಯವನ್ನು ನಿಲ್ಲಿಸಲು. ದೇವಿ ಬೇರೆ, ಆ ರೂಢಿ ಬೇರೆ ಎಂದು ಬಿಡಿಸಿ ನೋಡುವುದು ಭಕ್ತರ ಹೊಣೆ. ಕ್ಷೇತ್ರವನ್ನು ಆರಿಸುವಾಗ, ಅಲ್ಲಿನ ಆಚರಣೆಯಿಂದ ಯಾರಿಗೆ ನೋವಾಗುತ್ತದೆ ಎಂದು ಕೇಳದ ಭಕ್ತಿ ಅರ್ಧ ಭಕ್ತಿ.

ಉಳಿದದ್ದು ಮೂರನೆಯ ಬಗೆಯ ಪ್ರಯಾಣ, ಈಗಿನ ರಜೆಯದು. ನಾಲ್ಕು ದಿನಕ್ಕೆ ಒಂಬತ್ತು ಊರು ಎಂದು ಸಾರುವ ಟೂರುಗಳಲ್ಲಿ ಬಸ್ಸು ನಿಲ್ಲುವುದೇ ಊಟಕ್ಕೆ ಮತ್ತು ದರ್ಶನದ ಪಾಳಿಗೆ. ಇಳಿದವರಿಗೆ ಆ ಊರಿನ ಬೀದಿಯ ಹೆಸರೂ ತಿಳಿಯದು. ಇದನ್ನು ಪಾಪವೆನ್ನಬೇಕಾಗಿಲ್ಲ, ದುಡಿದು ದಣಿದವರಿಗೆ ಊರು ಬಿಟ್ಟು ಹೊರಗೆ ಹೋಗುವುದೇ ಒಂದು ಬಿಡುಗಡೆ. ಆದರೆ ಎಣಿಕೆ ಹೆಚ್ಚಿದಷ್ಟೂ ನೋಟ ತೆಳುವಾಗುತ್ತದೆ. ಒಂದೇ ಊರಲ್ಲಿ ಎರಡು ರಾತ್ರಿ ಉಳಿದು, ಮುಂಜಾನೆಯ ಪೂಜೆಯನ್ನೂ ಸಂಜೆಯ ಸಂತೆಯನ್ನೂ ಕಂಡವರು ಹೆಚ್ಚು ಪಡೆದು ಬರುತ್ತಾರೆ. ಮೀರಜಿಗೆ ಹೋದ ಹಿಂದೂ ಮನೆಯವರು ಮೀರಾಸಾಹೇಬರ ದರ್ಗಾದಲ್ಲಿ ಅರ್ಧ ತಾಸು ಕುಳಿತರೆ, ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ನೆನಪಿಗೆ ಅಲ್ಲಿ ವರ್ಷವರ್ಷ ಹಾಡುವವರ ಪರಂಪರೆಯೂ ತಮ್ಮದೇ ಎಂದು ತಿಳಿಯುತ್ತದೆ. ತಮ್ಮ ಮತದ್ದಲ್ಲದ ಒಂದು ಸ್ಥಳಕ್ಕಾದರೂ ಪ್ರತಿ ರಜೆಯಲ್ಲಿ ಹೋಗುವುದು ಒಳ್ಳೆಯ ನಿಯಮ.

ಆಯ್ಕೆ ಯಾರದ್ದೆಂಬುದು ಕೊನೆಯ ಪ್ರಶ್ನೆ. ಮನೆಯಲ್ಲಿ ಊರು ಗೊತ್ತುಮಾಡುವವರು ಸಾಮಾನ್ಯವಾಗಿ ಹಣ ಕೊಡುವ ಗಂಡಸರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿದ ಮೇಲೆ, ಸವದತ್ತಿಗೋ ಚಿಂಚಲಿಗೋ ತಾವೇ ಮಾತಾಡಿಕೊಂಡು ಹೊರಡುವುದು ಅವರಿಗೆ ಸುಲಭವಾಯಿತು. ವನಪರ್ವ ಬಡವರಿಗೆ ತೆರೆದಿಟ್ಟ ದಾರಿ ಇದೇ. ಮುಂದಿನ ರಜೆಗೆ ಊರು ಆರಿಸಲು ಕುಳಿತವರು ಮೊಬೈಲು ತೆಗೆಯುವ ಮೊದಲು ಮನೆಯ ಹಿರಿಯ ಹೆಂಗಸನ್ನು ಕೇಳಲಿ: ಅವ್ವಾ, ನೀ ಎಲ್ಲಿಗೆ ಹೋಗಬೇಕಂತ ಅಂದುಕೊಂಡು ಇನ್ನೂ ಹೋಗಿಲ್ಲ? ಅವರು ಹೇಳಿದ ಊರಿಗೆ ಮೊದಲು ಹೋಗಲಿ.