ನೀಯತ್ ಮತ್ತು ನಿಯತ್ತು

ಹದಿನೈದು ವರ್ಷಗಳ ಹಿಂದಿನ ಮಾತು. ನಮ್ಮ ಅಮ್ಮೀ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಕ್ರೈಸ್ತ ಸನ್ಯಾಸಿನಿಯರು ನಡೆಸುವ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಎರಡನೆಯ ದಿನ ಬೆಳಿಗ್ಗೆ ಸಿಸ್ಟರೊಬ್ಬರು ಔಷಧಿಯ ಜೊತೆಗೆ ಒಂದು ಪುಟ್ಟ ಪುಸ್ತಕವನ್ನೂ ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟು ಹೋದರು. ಮುಖಪುಟದಲ್ಲಿ ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬ. ಒಳಗೆ ಸರಳ ಕನ್ನಡದಲ್ಲಿ ಯೇಸುವಿನ ಕಥೆ. ಅಮ್ಮೀಗೆ ಉರ್ದು ಬಿಟ್ಟು ಬೇರೆ ಓದಲು ಬಾರದು. "ಏನಿದೆ ಇದರಲ್ಲಿ?" ಎಂದು ನಮ್ಮನ್ನು ಕೇಳಿದರು. ನಮಗೋ ಸಿಟ್ಟು. ನೋವಿನಲ್ಲಿ ಮಲಗಿರುವವರ ತಲೆದಿಂಬಿನ ಪಕ್ಕದಲ್ಲೂ ಪ್ರಚಾರವೇ ಎಂದು ಗೊಣಗಿದೆವು. ಆಡಳಿತದವರ ಬಳಿ ಹೋಗಿ ಕೇಳಿಯೇ ಬಿಡುತ್ತೇವೆ ಎಂದು ಎದ್ದೆವು. ಅಮ್ಮೀ ಕೈಹಿಡಿದು ಕೂರಿಸಿ ನಮ್ಮ ಮನೆಮಾತಿನಲ್ಲಿ ಹೇಳಿದ್ದಿಷ್ಟು: "ಉನೋ ಕೀ ನೀಯತ್ ಉನೋ ಜಾನೆ, ದವಾ ತೋ ಅಚ್ಛೀಚ್ ಹೈ." ಅವರ ಉದ್ದೇಶ ಅವರಿಗೇ ಗೊತ್ತು, ಔಷಧಿಯಂತೂ ಚೆನ್ನಾಗಿಯೇ ಇದೆ.

ಆ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಒಂದು ಧರ್ಮದವರು ಶಾಲೆ ತೆರೆದಾಗ, ಆಸ್ಪತ್ರೆ ಕಟ್ಟಿದಾಗ, ಪುಸ್ತಕ ಅಚ್ಚು ಹಾಕಿ ಹಂಚಿದಾಗ ಉಳಿದವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ, 'ಇದರ ಹಿಂದೆ ಏನಿದೆ?' ಎಂಬುದು. ತನ್ನ ಧರ್ಮವನ್ನು ಹರಡಬೇಕೆಂಬ ಆಸೆಯಿಂದ ಮಾಡಿದ ಸೇವೆ ಸೇವೆಯಾಗುತ್ತದೆಯೇ, ಅಥವಾ ಅದು ಬರೀ ಗಾಳಕ್ಕೆ ಸಿಕ್ಕಿಸಿದ ಎರೆಹುಳವೇ? ಕ್ರೈಸ್ತ ಮಿಶನರಿಗಳ ಬಗ್ಗೆ ಈ ನಾಡಿನಲ್ಲಿ ನೂರೈವತ್ತು ವರ್ಷಗಳಿಂದ ಕೇಳಿಬರುತ್ತಿರುವ ಈ ಪ್ರಶ್ನೆಯನ್ನು ನಮ್ಮಂಥವರು ಪಕ್ಕದ ಮನೆಯ ಜಗಳವೆಂದು ದಾಟಿ ಹೋಗುವಂತಿಲ್ಲ. ನಾವೂ ಧರ್ಮವನ್ನು ನಂಬಿದವರು, ನಾವೂ ಪುಸ್ತಕ ಹಂಚುವವರು.

ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ಕನ್ನಡ ಶಾಲೆಗೆ ಬಂದಾಗ ನಮ್ಮನ್ನು ಗೊಂದಲಕ್ಕೆ ಕೆಡವಿದ ಪದಗಳಲ್ಲಿ 'ನಿಯತ್ತು' ಒಂದು. ಮದ್ರಸಾದಲ್ಲಿ ಕಲಿತದ್ದು 'ನೀಯತ್'. ನಮಾಜಿಗೆ ನಿಲ್ಲುವ ಮೊದಲು ಮನಸ್ಸಿನಲ್ಲಿ ಕಟ್ಟುವ ಸಂಕಲ್ಪ ಅದು. ಕರ್ಮಗಳ ಬೆಲೆ ಸಂಕಲ್ಪದ ಮೇಲೆ ನಿಂತಿದೆ ಎಂದು ಪ್ರವಾದಿಯವರು ಕಲಿಸಿದ್ದನ್ನು ಉಸ್ತಾದರು ಎಷ್ಟು ಸಲ ಹೇಳಿದ್ದರೋ! ಕನ್ನಡ ಮೇಷ್ಟ್ರು ಮಾತ್ರ 'ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ' ಎಂದಾಗ ನಮಗೆ ಅರ್ಥವಾಗಲಿಲ್ಲ. ನಾಯಿ ಯಾವ ಸಂಕಲ್ಪ ಕಟ್ಟುತ್ತದೆ? ಆಮೇಲೆ ತಿಳಿಯಿತು, ಪದ ಒಂದೇ, ಭಾಷೆ ದಾಟುವಾಗ ಅರ್ಥ ಬದಲಾಗಿದೆ. ಉರ್ದುವಿನ ನೀಯತ್ ಕೆಲಸಕ್ಕೆ ಮೊದಲು ಎದೆಯೊಳಗೆ ಇರುವಂಥದ್ದು. ಕನ್ನಡದ ನಿಯತ್ತು ಕೆಲಸ ಮುಗಿಯುವವರೆಗೆ ನಡತೆಯಲ್ಲಿ ಕಾಣುವಂಥದ್ದು, ಹಿಡಿದ ಕೆಲಸಕ್ಕೆ, ಉಂಡ ಮನೆಗೆ ಎರಡು ಬಗೆಯದಿರುವುದು. ಮೊದಲನೆಯದರ ಲೆಕ್ಕ ದೇವರಿಗೆ ಮಾತ್ರ ಗೊತ್ತು. ಎರಡನೆಯದರ ಲೆಕ್ಕವನ್ನು ನೆರೆಹೊರೆಯವರೂ ನೋಡಬಹುದು. ಸೇವೆಯ ವಿಚಾರದಲ್ಲಿ ನಾವು ಮಾಡುತ್ತಿರುವ ತಪ್ಪೆಂದರೆ, ಕಣ್ಣಿಗೆ ಕಾಣುವ ನಿಯತ್ತನ್ನು ಬಿಟ್ಟು ಕಾಣದ ನೀಯತ್ತಿನ ಮೇಲೆ ತೀರ್ಪು ಕೊಡಲು ಹೊರಡುವುದು.

ಕರಾವಳಿಯ ಉದಾಹರಣೆಯನ್ನೇ ನೋಡೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಏಕೆ ಬಂದರೆಂಬುದರಲ್ಲಿ ಮುಚ್ಚುಮರೆಯಿಲ್ಲ. ಸುವಾರ್ತೆ ಸಾರಲು ಬಂದರು, ಹಾಗೆಂದು ತಾವೇ ಹೇಳಿಕೊಂಡರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದದ್ದೂ ಮುಖ್ಯವಾಗಿ ಅದಕ್ಕಾಗಿಯೇ. ಅಲ್ಲಿಂದ ಹೊರಬಂದದ್ದು ಮಾತ್ರ ಬರೀ ಸುವಾರ್ತೆಯಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕನ್ನಡದ ಈ ಮೊದಲ ಪತ್ರಿಕೆಯಲ್ಲಿ ಊರ ವರ್ತಮಾನ, ಸರ್ಕಾರದ ಕಾನೂನು, ಹೊರದೇಶದ ಸುದ್ದಿ, ಕಥೆಗಳೆಲ್ಲ ಇದ್ದವು. ಇಂದಿಗೂ ನಮ್ಮ ಪತ್ರಕರ್ತರು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. 1848ರಿಂದ ಕೆಲವು ವರ್ಷ ಅದೇ ಮೋಗ್ಲಿಂಗ್, ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ, ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಸ್ವಲ್ಪ ಯೋಚಿಸಿ ನೋಡಿ. ತನ್ನ ಧರ್ಮವೇ ಸತ್ಯವೆಂದು ನಂಬಿ ಸಮುದ್ರ ದಾಟಿ ಬಂದವನು, ಶಿವಶರಣರ ಮತ್ತು ಹರಿದಾಸರ ಪುಸ್ತಕಗಳ ಕರಡು ತಿದ್ದುತ್ತ ಕುಳಿತಿದ್ದಾನೆ!

ಈ ಜನರ ಮನಸ್ಸನ್ನು ತಿಳಿಯದೆ ಇವರಿಗೆ ಏನನ್ನೂ ಹೇಳಲಾಗದು ಎಂಬುದು ಅವರ ಲೆಕ್ಕವಾಗಿತ್ತು. ಅಂದರೆ ನೀಯತ್ ಅದೇ, ಧರ್ಮಪ್ರಚಾರವೇ. ಆದರೆ ಹಿಡಿದ ಕೆಲಸದಲ್ಲಿ ನಿಯತ್ತಿತ್ತು. ಅದರ ದೊಡ್ಡ ಸಾಕ್ಷಿ 1853ರಲ್ಲಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್. ಕೇಶಿರಾಜನ ಶಬ್ದಮಣಿದರ್ಪಣವನ್ನು, ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದ ಅವರು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಅದು ಹೊರಬಂದದ್ದು ಮಂಗಳೂರಿನ ಬಾಸೆಲ್ ಮಿಶನ್ ಬುಕ್ ಅಂಡ್ ಟ್ರ್ಯಾಕ್ಟ್ ಡಿಪಾಸಿಟರಿಯಿಂದ. ಟ್ರ್ಯಾಕ್ಟ್ ಎಂದರೆ ನಮ್ಮ ಅಮ್ಮೀಯ ಮೇಜಿನ ಮೇಲೆ ಬಂದು ಕುಳಿತಂಥ ಪುಟ್ಟ ಧರ್ಮಪ್ರಚಾರದ ಪುಸ್ತಕ. ಟ್ರ್ಯಾಕ್ಟ್ ಪುಕ್ಕಟೆ ಬರುತ್ತದೆ, ಆದರೆ ಓದಿದವನಿಂದ ಒಂದು ಉತ್ತರವನ್ನು ನಿರೀಕ್ಷಿಸುತ್ತದೆ. ನಿಘಂಟಿಗೆ ಬೆಲೆ ಕೊಡಬೇಕು, ಆದರೆ ಅದು ಮತ್ತೇನನ್ನೂ ಕೇಳುವುದಿಲ್ಲ. ಎರಡೂ ಒಂದೇ ಅಂಗಡಿಯ ಸರಕು.

ನಿಘಂಟಿನಲ್ಲಿ ಮೋಸ ಮಾಡುವುದು ಬಹಳ ಸುಲಭ. ತನಗಾಗದ ದೇವರ ಹೆಸರನ್ನು ಬಿಡಬಹುದು, ಪೂಜೆಯ ಪದಕ್ಕೆ ವ್ಯಂಗ್ಯದ ಅರ್ಥ ಬರೆಯಬಹುದು. ಕಿಟ್ಟೆಲ್ ಜೈನ ಕವಿಗಳಿಂದ, ವೀರಶೈವ ಪುರಾಣಗಳಿಂದ, ಹಳ್ಳಿಯ ಗಾದೆಗಳಿಂದ ಪ್ರಯೋಗಗಳನ್ನು ಆರಿಸಿ ಕೊಟ್ಟರು. ಹಿಂದೂಸ್ತಾನಿಯಿಂದ ಬಂದ ಪದಗಳನ್ನು ಹೊರಗಿನವೆಂದು ದೂಡದೆ, ಎಲ್ಲಿಂದ ಬಂದವೆಂದು ಗುರುತು ಹಾಕಿ ಒಳಗೆ ಕೂರಿಸಿದರು. ಎರಡು ಭಾಷೆಗಳ ನಡುವೆ ಬೆಳೆದ ನಮಗೆ ಆ ಗುರುತುಗಳನ್ನು ಕಂಡಾಗಲೆಲ್ಲ ಮನೆಗೆ ಬಂದಂತಾಗುತ್ತದೆ. ಆ ನಿಘಂಟನ್ನು ಹಿಡಿದು ಒಬ್ಬ ಯೇಸುವನ್ನು ಸ್ತುತಿಸಬಹುದು, ಮತ್ತೊಬ್ಬ ಮಿಶನರಿಗಳ ವಿರುದ್ಧವೇ ಖಂಡನೆ ಬರೆಯಬಹುದು. ಪಡೆದವನು ಕೊಟ್ಟವನ ಅಪ್ಪಣೆಯಿಲ್ಲದೆ, ಕೊಟ್ಟವನ ವಿರುದ್ಧವೂ ಬಳಸಬಹುದಾದದ್ದು ತಾನೇ ನಿಜವಾದ ಕೊಡುಗೆ? ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಬಂಧಿಸಿತು, ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ನಿಘಂಟನ್ನು ಯಾರು ವಶಪಡಿಸಿಕೊಳ್ಳಲು ಸಾಧ್ಯ? ಅದು ಆಗಲೇ ಕನ್ನಡದವರದಾಗಿತ್ತು.

ಹಾಗೆಂದು ಎಲ್ಲವೂ ಬೆಳ್ಳಗಿತ್ತೆಂದು ನಾವು ಹೇಳುವುದಿಲ್ಲ. ಅದೇ ಬಾಸೆಲ್ಲಿನಲ್ಲಿ ತರಬೇತಿ ಪಡೆದ ಕಾರ್ಲ್ ಫಾಂಡರ್, ಮುಂದೆ ಬೇರೊಂದು ಮಿಶನ್ ಸೇರಿ ಉತ್ತರ ಭಾರತದಲ್ಲಿ ಕೆಲಸ ಮಾಡಿದವರು. ಇಸ್ಲಾಮಿಗಿಂತ ಕ್ರೈಸ್ತ ಧರ್ಮ ಮೇಲೆಂದು ಸಾಧಿಸುವ ಅವರ 'ಮೀಜಾನುಲ್ ಹಕ್' ಉರ್ದುವಿನಲ್ಲೂ ಅಚ್ಚಾಯಿತು. 1854ರಲ್ಲಿ ಆಗ್ರಾದಲ್ಲಿ ಮೌಲಾನಾ ರಹಮತುಲ್ಲಾ ಕೈರಾನವಿಯವರು ಅವರೊಡನೆ ಬಹಿರಂಗ ವಾದಕ್ಕೆ ನಿಂತರು, ಮುಂದೆ 'ಇಜ್ಹಾರುಲ್ ಹಕ್' ಬರೆದರು. ಗೆದ್ದವರು ಯಾರೆಂದು ಎರಡೂ ಕಡೆಯವರು ಇವತ್ತಿಗೂ ತಮ್ಮ ತಮ್ಮ ಲೆಕ್ಕ ಹೇಳುತ್ತಾರೆ. ಒಂದೇ ಗುರುಮನೆಯಿಂದ ಹೊರಟ ಇಬ್ಬರಲ್ಲಿ ಒಬ್ಬರು ಎದುರಿನವರ ಪುಸ್ತಕವನ್ನು ಮುಖ್ಯವಾಗಿ ತಪ್ಪು ಹುಡುಕಲು ಓದಿದರು, ಇನ್ನೊಬ್ಬರು ಪದ ಹುಡುಕಲು ಓದಿದರು. ಇಬ್ಬರ ನೀಯತ್ತೂ ಒಂದೇ. ಫಲ ಮಾತ್ರ ಒಂದೇ ಆಗಲಿಲ್ಲ.

ಹೆಂಚಿನ ಕಾರ್ಖಾನೆಯದು ಇನ್ನೂ ತೊಡಕಿನ ಕಥೆ. ಕ್ರೈಸ್ತರಾದವರನ್ನು ಜಾತಿ ಹೊರಗಿಟ್ಟಿತು, ಅವರ ಕುಲಕಸುಬು ಕೈತಪ್ಪಿತು. ಮತಾಂತರಗೊಂಡವರ ಆಸ್ತಿಯ ಹಕ್ಕು ಹೋಗದೆಂದು 1850ರಲ್ಲಿ ಕಾನೂನು ಬಂದರೂ ಊರು ಕೊಡುವ ಬಹಿಷ್ಕಾರಕ್ಕೆ ಅದರಲ್ಲಿ ಮದ್ದಿರಲಿಲ್ಲ. ಅಂಥವರ ಹೊಟ್ಟೆಪಾಡಿಗೆಂದು ಮಿಶನ್ ಮಗ್ಗ ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಒಳ್ಳೆಯದೇ ಆಯಿತು. ಆದರೆ ಕೆಲಸ ಕೊಡುವವರೂ ಅವರೇ, ಪ್ರಾರ್ಥನೆಗೆ ಕರೆಯುವವರೂ ಅವರೇ, ನಡತೆಗೆ ಬುದ್ಧಿ ಹೇಳುವವರೂ ಅವರೇ ಆದಾಗ ಬಡವನಿಗೆ 'ಒಲ್ಲೆ' ಎನ್ನುವ ಬಾಯಿ ಎಲ್ಲಿರುತ್ತದೆ? ಸೇವೆ ಹಂಗಾಗುವುದು ಇಲ್ಲಿಯೇ. ಕಾಲ ಮಾತ್ರ ತನ್ನ ಪಾಡಿಗೆ ಕೆಲಸ ಮಾಡಿತು. ಮಂಗಳೂರು ಹೆಂಚು ಎಲ್ಲರ ಮಾಡನ್ನೂ ಏರಿತು. ಕರಾವಳಿಯ ಹಳೆಯ ಮಸೀದಿಗೂ ಅದೇ, ಗುಡಿಗೂ ಅದೇ, ಇಗರ್ಜಿಗೂ ಅದೇ. ಮಳೆಗಾಲದಲ್ಲಿ ಅದರಡಿ ನಿಂತವನನ್ನು ಅದು ಯಾವ ಜಾತಿ ಎಂದು ಕೇಳಲಿಲ್ಲ.

ನೀಯತ್ತಿನ ವಿಚಾರಣೆಯನ್ನು ಮನುಷ್ಯರು ಕೈಗೆತ್ತಿಕೊಂಡರೆ ಏನಾಗುತ್ತದೆ ಎಂಬುದನ್ನು ಒಡಿಶಾದ ಮನೋಹರಪುರದಲ್ಲಿ ಕಂಡೆವು. ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯಾದಿಂದ ಬಂದು ಬಾರಿಪದಾದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕುಷ್ಠರೋಗಿಗಳ ನಡುವೆ ಇದ್ದವರು. ಅವರು ಮತಾಂತರ ಮಾಡಲು ಬಂದವರೆಂದು ತೀರ್ಮಾನಿಸಿದ ಗುಂಪೊಂದು 1999ರ ಜನವರಿಯಲ್ಲಿ ಅವರನ್ನೂ, ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಮಲಗಿದ್ದಲ್ಲಿಯೇ ಸುಟ್ಟು ಕೊಂದಿತು. 2011ರಲ್ಲಿ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು ಮತಾಂತರದ ಬಗ್ಗೆ ಆಡಿದ ಮಾತುಗಳಿಗೆ ಎಷ್ಟು ಆಕ್ಷೇಪ ಬಂತೆಂದರೆ, ಕೆಲವೇ ದಿನಗಳಲ್ಲಿ ತಾನೇ ಅವನ್ನು ತೀರ್ಪಿನಿಂದ ತೆಗೆಯಬೇಕಾಯಿತು. ಅವರ ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಉಳಿದ ಒಬ್ಬ ಮಗಳೊಡನೆ 2004ರವರೆಗೂ ಅಲ್ಲಿಯೇ ಇದ್ದು ಆ ರೋಗಿಗಳ ಸೇವೆ ಮಾಡಿದರು. ಗಾಳ ಹಾಕಲು ಬಂದವರು ಗಾಳವೇ ಸುಟ್ಟುಹೋದ ಮೇಲೂ ದಡದಲ್ಲಿ ಕೂರುತ್ತಾರೆಯೇ? ಆ ಐದು ವರ್ಷಗಳಿಗಿಂತ ದೊಡ್ಡ ಉತ್ತರ ಬೇರೆ ಬೇಕಿಲ್ಲ.

ಇಷ್ಟು ಬರೆದ ಮೇಲೆ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕು. ಕೋವಿಡ್ ಕಾಲದಲ್ಲಿ ಈ ರಾಜ್ಯದ ಹಲವು ಊರುಗಳಲ್ಲಿ ಮುಸ್ಲಿಂ ಯುವಕರು, ಸ್ವಂತ ಬಂಧುಗಳೇ ಹತ್ತಿರ ಬಾರದ ಶವಗಳನ್ನು ಹೊತ್ತು, ಆಯಾ ಧರ್ಮದ ಪ್ರಕಾರ ಅಂತ್ಯಸಂಸ್ಕಾರ ಮಾಡಿದರು. ಅಂಥವರ ಬಗ್ಗೆಯೂ 'ಇದರ ಹಿಂದೆ ಏನಿದೆ?' ಎಂದು ಕೇಳಿದವರಿದ್ದರು. ನಮಗೆ ನೋವಾಯಿತು. ಆದರೆ ಅದೇ ನಾವು ಆಸ್ಪತ್ರೆಯಲ್ಲಿ ಸಿಸ್ಟರನ್ನು ಅದೇ ಕಣ್ಣಿನಿಂದ ನೋಡಿರಲಿಲ್ಲವೇ? ಇನ್ನೊಂದು ಕಡೆ, ರಮಜಾನಿನಲ್ಲಿ ಐದು ಕೆ.ಜಿ. ಅಕ್ಕಿಯ ಚೀಲವನ್ನು ವಿಧವೆಯೊಬ್ಬಳ ಕೈಗಿಟ್ಟು, ಅವಳು ತಲೆ ತಗ್ಗಿಸಿರುವಾಗಲೇ ಫೋಟೋ ಹೊಡೆಸಿಕೊಳ್ಳುವ ನಮ್ಮವರಿಗೇನು ಕಡಿಮೆಯೇ? ಅವರ ನೀಯತ್ ಸವಾಬಿನದೇ ಇರಬಹುದು. ಆ ಫೋಟೋದಲ್ಲಿ ನಿಯತ್ತು ಮಾತ್ರ ಕಾಣುವುದಿಲ್ಲ.

ಕಥೆ ಬರೆಯುವ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ತಲಾಖಿಗೆ ಒಳಗಾದ ಹೆಣ್ಣುಮಗಳೊಬ್ಬಳ ಬದುಕನ್ನು ಆಧರಿಸಿ, ಸಮಾಜ ತಿದ್ದುವ ಉಮೇದಿನಲ್ಲಿ ಒಂದು ಕಥೆ ಬರೆದಿದ್ದೆವು. ಅದಕ್ಕೆ ಬಹುಮಾನವೂ ಬಂತು. ಅವಳಿಗೇ ಓದಿ ಹೇಳಿದಾಗ ಸುಮ್ಮನೆ ಕೇಳಿದಳು. ಕೊನೆಗೆ, "ಭಾಯಿ, ಇದರಲ್ಲಿ ನಾನು ಬರೀ ಅಳುತ್ತಲೇ ಇದ್ದೇನಲ್ಲ" ಎಂದಳು. ಹೊಲಿಗೆ ಮಷೀನು ತುಳಿದು ಇಬ್ಬರು ಮಕ್ಕಳನ್ನು ಓದಿಸಿದವಳು ಅವಳು. ಆ ಸಂಗತಿ ನಮ್ಮ ಉದ್ದೇಶಕ್ಕೆ ಬೇಕಿರಲಿಲ್ಲ, ಬಿಟ್ಟಿದ್ದೆವು. ಪರಧರ್ಮದ ಪದವನ್ನೂ ಬಿಡದೆ ಬರೆದುಕೊಂಡ ಕಿಟ್ಟೆಲರಿಗೆ ಇದ್ದ ನಿಯತ್ತು, ಸ್ವಂತ ತಂಗಿಯಂಥವಳ ಕಥೆ ಬರೆಯುವಾಗ ನಮಗಿರಲಿಲ್ಲ. ನಾವು ಬರೆದದ್ದು ಕಥೆಯಲ್ಲ, ಟ್ರ್ಯಾಕ್ಟು.

ಅಮ್ಮೀಯ ಸಂಗತಿ ಅರ್ಧಕ್ಕೇ ನಿಂತಿತು. ಆ ಪುಟ್ಟ ಪುಸ್ತಕವನ್ನು ಅವರು ನಮ್ಮಿಂದ ಪೂರ್ತಿ ಓದಿಸಿ ಕೇಳಿದರು. ಮರುದಿನ ಸಿಸ್ಟರ್ ಬಂದಾಗ ತಮ್ಮ ಹರಕು ಕನ್ನಡದಲ್ಲಿ, "ಸಿಸ್ಟರಮ್ಮ, ನಿಮ್ಮ ಪುಸ್ತಕ ಕೇಳಿದೆ, ಒಳ್ಳೇ ಮಾತು ಇದೆ. ಆದರೆ ನನ್ನ ದಾರಿ ನನಗೆ ಇದೆ. ಬೇಜಾರು ಮಾಡ್ಕೋಬೇಡಿ" ಎಂದರು. ಸಿಸ್ಟರ್ ನಕ್ಕು, "ಆಗಲಿ ಅಮ್ಮ, ರಾತ್ರಿ ನಿದ್ದೆ ಬಂತಾ?" ಎಂದು ಕೇಳಿ ಹಾಸಿಗೆ ಸರಿಮಾಡಿದರು. ಬಂದ ದಿನವೇ ಅಮ್ಮೀ ಪಶ್ಚಿಮ ಯಾವ ಕಡೆ ಎಂದು ಕೇಳಿದ್ದರಿಂದ, ನಮಾಜಿನ ಹೊತ್ತಿಗೆ ಮಂಚವನ್ನು ಆ ಕಡೆಗೆ ತಿರುಗಿಸಿ ಪರದೆ ಎಳೆಯುವುದು ಆ ಸಿಸ್ಟರಿನದೇ ಕೆಲಸವಾಗಿತ್ತು. ಅಂದು ಮಧ್ಯಾಹ್ನ ಏನಾಗುತ್ತದೋ ನೋಡೋಣವೆಂದು ನಾವು ಬಾಗಿಲ ಬಳಿ ಕಾದು ನಿಂತೆವು. ಜುಹರಿನ ಹೊತ್ತಾಯಿತು. ಸಿಸ್ಟರ್ ಬಂದರು, ಆಯಾಳನ್ನು ಕರೆದರು, ಇಬ್ಬರೂ ಸೇರಿ ಎಂದಿನಂತೆ ಮಂಚ ತಿರುಗಿಸಿ, ಪರದೆ ಎಳೆದು ಹೋದರು.

ಅಮ್ಮೀ ಈಗ ಇಲ್ಲ. ಆ ಪುಸ್ತಕ ನಮ್ಮ ಕಪಾಟಿನಲ್ಲಿ ಕಿಟ್ಟೆಲ್ ನಿಘಂಟಿನ ಪಕ್ಕದಲ್ಲಿದೆ.